ಕಂಬದ ಬುಡ

ಹೋದ ತಿಂಗಳು ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಹೊರಗೆ, ಬೆಳಗಿನ ಹನ್ನೊಂದರ ಬಿಸಿಲಿನಲ್ಲಿ, ಒಂದು ಬೀದಿದೀಪ ಉರಿಯುತ್ತಿತ್ತು. ನಾನು ನಿಂತೆ. ದೀಪದ ಕಂಬ ಕಂಡರೆ ನಿಲ್ಲುವುದು ನನ್ನ ಚಟ. ಬಸ್ಸು ತಪ್ಪಿದರೂ ಚಿಂತೆಯಿಲ್ಲ, ಚಿತ್ರ ತಪ್ಪಬಾರದು. ಕೈ ತಾನಾಗಿಯೇ ಫೋನಿಗೆ ಹೋಯಿತು. ಪಕ್ಕದ ಚಹಾದಂಗಡಿಯವರು ಅದನ್ನು ನೋಡಿ, "ಕರೆಂಟಿನವರೇನ್ರಿ?" ಅಂದರು. ಅಲ್ಲ ಅಂದೆ. "ಮತ್ತ ಪೇಪರಿನವರೇನ್ರಿ?" ಅದೂ ಅಲ್ಲ ಅಂದೆ. "ಹಂಗಾರ ಕಂಬದ ಫೋಟೋ ಯಾಕ್ರಿ? ಅದೇನ್ ಓಡಿ ಹೊಕ್ಕೈತೇನು?"

ಬೆಂಚಿನ ಮೇಲಿದ್ದ ಇಬ್ಬರು ನಕ್ಕರು. ನಾನೂ ನಕ್ಕೆ. ಉತ್ತರ ಇತ್ತು, ಕೊಡಲಿಲ್ಲ. ಉತ್ತರ ಇದ್ದೂ ಬಾಯಿ ಮುಚ್ಚಿಕೊಂಡಿರುವುದು ನನ್ನ ಮಟ್ಟಿಗೆ ಸಣ್ಣ ಸಂಗತಿಯಲ್ಲ ಅಂತ ನನ್ನನ್ನು ಬಲ್ಲವರು ಯಾರಾದರೂ ನಿಮಗೆ ಹೇಳುತ್ತಾರೆ. ಫೋನು ಕೆಳಗಿಳಿಸಿ ಮೊದಲು ಆ ಕಂಬದ ಹತ್ತಿರ ನಡೆದು ಹೋದೆ. ಬಗ್ಗಿ ಅದರ ಬುಡ ನೋಡಿದೆ. ನಾಲ್ಕು ಕಾಗದದ ಕಪ್ಪು, ಒಂದು ಹರಿದ ಚಪ್ಪಲಿ, ಅಷ್ಟೆ. ಅದಾದ ಮೇಲೆಯೇ ಹಿಂದೆ ಸರಿದು ಚಿತ್ರ ತೆಗೆದದ್ದು, ಬುಡದಿಂದ ತುದಿಯವರೆಗೆ ಪೂರ್ತಿ.

"ಏನರ ಬಿದ್ದೈತೇನ್ರಿ ಅಲ್ಲೆ?" ಅಂತ ಅಂಗಡಿಯವರು ಕೇಳಿದರು.

ಏನಿಲ್ಲರಿ ಅಂದು ಬಸ್ಸು ಹತ್ತಿದೆ. ಆದರೆ ಗದಗಿನವರೆಗೂ ಆ ಪ್ರಶ್ನೆ ನನ್ನ ಪಕ್ಕದ ಸೀಟಿನಲ್ಲೇ ಕುಳಿತು ಬಂತು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಕಂಬದ ಫೋಟೋ ತೆಗೆಯುವವರನ್ನು ಜನ ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಕೈಯಲ್ಲಿ ಫೋನು ಹಿಡಿದು ತಲೆಯೆತ್ತಿ ನಿಂತಿರೋ, ರಸ್ತೆ ಅಗಲ ಮಾಡುವ ಸರ್ವೆಯವರು ಅಂತ ಒಬ್ಬರು ಹೆದರುತ್ತಾರೆ, ಹೊಸ ಲೈಟು ಬರುತ್ತದೆ ಅಂತ ಇನ್ನೊಬ್ಬರು ಹಿಗ್ಗುತ್ತಾರೆ. ಮುಂಡರಗಿಯಲ್ಲಿ ಒಬ್ಬ ಹೆಣ್ಣುಮಗಳು ನನ್ನ ಕೈ ಹಿಡಿದು ತನ್ನ ಓಣಿಗೆ ಕರೆದೊಯ್ದು, ವರ್ಷದಿಂದ ಕೆಟ್ಟು ನಿಂತಿದ್ದ ದೀಪವನ್ನು ತೋರಿಸಿ, ಇದನ್ನೂ ತೆಗೀರಿ ಅಂದಿದ್ದಳು. ನಾನು ಯಾರೂ ಅಲ್ಲ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಶಿರಹಟ್ಟಿಯ ಒಂದು ಮನೆ ಕಂಬವನ್ನೇ ನುಂಗಿ ಬೆಳೆದಿದೆ. ಅಡುಗೆಮನೆಯ ಮೂಲೆಯಿಂದ ಹೊರಟ ಕಂಬ ತಗಡು ತೂರಿ ಮೇಲೆ ಹೋಗಿ ಬೀದಿಗೆ ಬೆಳಕು ಕೊಡುತ್ತದೆ. ಒಳಗೆ ಅದಕ್ಕೆ ಹಗ್ಗ ಸುತ್ತಿ ಜರಡಿ, ಮೊರ ತೂಗು ಹಾಕಿದ್ದಾರೆ. ಹಿರೇಹಂದಿಗೋಳದಲ್ಲಿ ಗುಡಿಕಟ್ಟೆಯ ಬಲ್ಬಿಗೆ ಗಾಳಿಮಳೆ ತಾಗದಂತೆ ಯಾರೋ ದೊಡ್ಡ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ಟೊಪ್ಪಿಗೆ ತೊಡಿಸಿದ್ದರು. ಗದಗ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ಹಳೇ ದೀಪಗಳ ಮುಚ್ಚಳದೊಳಗೆ ಹುಳುಗಳು ಸತ್ತು ಸತ್ತು ಹೊಟ್ಟೆ ಕಪ್ಪಾಗಿರುತ್ತದೆ. ಸಂಜೆ ದೀಪ ಹತ್ತಿದಾಗ ಮೊದಲು ಕಾಣುವುದು ಬೆಳಕಲ್ಲ, ಆ ಹುಳುಗಳ ಗುಡ್ಡೆ.

ಇವನ್ನೆಲ್ಲ ನಾನು ಚೆಂದಕ್ಕೆಂದು ತೆಗೆಯತೊಡಗಿದ್ದಲ್ಲ. ವಾದಕ್ಕೆಂದು ತೆಗೆಯತೊಡಗಿದ್ದು.

ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರ ಹೇಳಿದರೆ ಪರ, ವಿರೋಧ ಹೇಳಿದರೆ ವಿರೋಧ. ಚೀಟಿ ಎತ್ತಿ ಹದಿನೈದು ನಿಮಿಷದಲ್ಲಿ ಯಾವ ಕಡೆಯಿಂದ ಬೇಕಾದರೂ ಮೂರು ಅಂಶ, ಒಂದು ಉದಾಹರಣೆ, ಒಂದು ಚುಚ್ಚುಮಾತು ತಯಾರು. ಬೆಟಗೇರಿಯ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದವಳು ನಾನು. ಆ ಸದ್ದನ್ನು ಮೀರಿ ಮಾತಾಡಿ ಮಾತಾಡಿಯೇ ನನ್ನ ಗಂಟಲು ಇಷ್ಟು ಗಟ್ಟಿಯಾಯಿತು ಅಂತ ಅವ್ವ ಹೇಳುತ್ತಿದ್ದಳು. ಅಪ್ಪ ಮಗ್ಗ ಬಿಟ್ಟು ಬಟ್ಟೆಯಂಗಡಿ ಸೇರಿ ಆಗಲೇ ಬಹಳ ವರ್ಷವಾಗಿತ್ತು. ಮನೆಯಲ್ಲಿ ನಾನು ಗೆದ್ದು ತಂದ ಕಪ್ಪುಗಳಿಗೆ ಇದ್ದ ಜಾಗವೆಂದರೆ ಮಗ್ಗ ತೆಗೆದ ಮೇಲೆ ಉಳಿದಿದ್ದ ಖಾಲಿ ಗೂಡು.

ನಂಬಿಕೆ ಅಂತ ಯಾರಾದರೂ ಅಂದರೆ ಸಾಕು, ನಾನು ತೋಳು ಮಡಚುತ್ತಿದ್ದೆ. ಅಮಾವಾಸ್ಯೆಗೆ ಪ್ರಯಾಣ ಬೇಡ ಅಂದರೆ ಅಮಾವಾಸ್ಯೆ ನೋಡಿಯೇ ಹೊರಟದ್ದುಂಟು. ಬೆಕ್ಕು ಅಡ್ಡ ಹೋದರೆ ಬೆಕ್ಕಿಗೆ ದಾರಿ ಬಿಟ್ಟು, ಬೆಕ್ಕಿಗೂ ಇದು ಅಪಶಕುನವೇ ಅಲ್ಲವೇ ಅಂತ ಜೊತೆಯವರನ್ನು ಕೇಳುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸ್ವಲ್ಪ ಬೇಸರವಾಗುತ್ತದೆ. ಆದರೆ ಆ ಬೆಕ್ಕಿನ ಪ್ರಶ್ನೆ ತಪ್ಪು ಅಂತ ಈಗಲೂ ಅನಿಸುವುದಿಲ್ಲ.

ಕೊನೆಯ ವರ್ಷದಲ್ಲಿ ಒಂದು ದೊಡ್ಡ ಸ್ಪರ್ಧೆ ಬಂತು. ಸಾರ್ವಜನಿಕ ಸಂಪತ್ತು ಹಾಳಾಗುವುದಕ್ಕೆ ಆಡಳಿತ ಕಾರಣವೋ ಜನ ಕಾರಣವೋ ಎಂಬುದು ವಿಷಯ. ಆಡಳಿತವೇ ಕಾರಣ ಎಂಬ ಪಕ್ಷ ನನಗೆ. ಬರೀ ಮಾತು ಸಾಲದು, ಸಾಕ್ಷಿ ಬೇಕು ಅಂತ ನಿರ್ಧರಿಸಿದೆ. ಹಗಲಲ್ಲಿ ಉರಿಯುವ ಬೀದಿದೀಪಗಳ ಚಿತ್ರ ತೆಗೆಯುವ ಹುಚ್ಚು ಹೀಗೆ ಹಿಡಿದದ್ದು. ಕಾಲೇಜಿಗೆ ಹೋಗುವ ದಾರಿ, ಬರುವ ದಾರಿ, ಸಂತೆಯ ದಾರಿ, ಎಲ್ಲ ಕಡೆ ತಲೆಯೆತ್ತಿಕೊಂಡೇ ನಡೆದೆ. ಎರಡು ಸಲ ಚರಂಡಿಯಲ್ಲಿ ಕಾಲಿಟ್ಟೆ.

ಆ ಹುಡುಕಾಟದಲ್ಲಿ ನಮ್ಮ ಪಕ್ಕದ ಓಣಿಯ ತಿರುವಿನ ಕಂಬ ಸಿಕ್ಕಿತು. ಬೇರೆ ಕಂಬಗಳ ದೀಪ ಆರಿದ್ದರೂ ಅದೊಂದು ಮಟಮಟ ಮಧ್ಯಾಹ್ನದಲ್ಲೂ ಉರಿಯುತ್ತಿತ್ತು. ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನೋಡಿದೆ, ಉರಿಯುತ್ತಲೇ ಇತ್ತು. ಅಷ್ಟೇ ಅಲ್ಲ, ದೀಪಕ್ಕೆ ಹೋಗುವ ತಂತಿಯನ್ನು ಯಾರೋ ಬೀದಿದೀಪದ ಲೈನು ಬಿಟ್ಟು ಹಗಲೂ ಕರೆಂಟಿರುವ ನೇರ ಲೈನಿಗೆ ಸಿಕ್ಕಿಸಿದ್ದು ಕೆಳಗಿನಿಂದಲೇ ಕಾಣುತ್ತಿತ್ತು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಕಂಬದ ಬುಡದಲ್ಲೂ ಏನೋ ಇತ್ತು. ಒಂದು ಚಪ್ಪಟೆ ಕಲ್ಲು, ಅದರ ಮೇಲೆ ಆರಿದ ಪಣತಿ, ಬಾಡಿದ ಚೆಂಡುಹೂವು, ಒಂದು ಲೋಟ ನೀರು. ನೋಡಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ನೋಡಿದೆ. ಯಾರೋ ದೃಷ್ಟಿ ತೆಗೆದು ಇಟ್ಟಿದ್ದಾರೆ ಅಂದುಕೊಂಡೆ. ಇಂಥದ್ದೆಲ್ಲ ನನ್ನ ವಾದದ ಚಿತ್ರದಲ್ಲಿ ಯಾಕೆ ಅಂತ ಆ ಭಾಗವನ್ನು ಕತ್ತರಿಸಿದೆ. ದೀಪ, ತಂತಿ, ಮೇಲೆ ಬಿಳಿ ಆಕಾಶ, ಇಷ್ಟೇ ಉಳಿಯಿತು. ಅದನ್ನು ನಮ್ಮ ಭಾಗದ ದೂರುಗಳಿಗೆಂದು ಯಾರೋ ಮಾಡಿದ್ದ ವಾಟ್ಸಾಪ್ ಗುಂಪಿಗೆ ಹಾಕಿದೆ. ಬೀದಿದೀಪಗಳ ಗುತ್ತಿಗೆ ಹಿಡಿದವರೂ ಆ ಗುಂಪಿನಲ್ಲಿದ್ದರು. ಕೆಳಗೆ ಎರಡು ಸಾಲು ಬರೆದೆ. ಆ ಸಾಲುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಕುರುಡು ಎಂಬ ಮಾತು ಅದರಲ್ಲಿತ್ತು ಅಂತ ಹೇಳಿದರೆ ಸಾಕು.

ಒಂದು ತಾಸಿನೊಳಗೆ ದೀಪ ಆರಿತು. ಗುಂಪಿನಲ್ಲಿ ಹನ್ನೆರಡು ಜನ ಹೆಬ್ಬೆರಳೆತ್ತಿದರು. ನಾನು ಮನೆಗೆ ಹೋಗುವಾಗ ಚರಂಡಿ ನೋಡಿಕೊಂಡೇ ನಡೆದೆ. ತಲೆಯೆತ್ತುವ ಕೆಲಸ ಮುಗಿದಿತ್ತು.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನ ಕಡೆ ತಿರುಗದೆ, ಆ ಫೋಟೋ ನೀನು ಹಾಕಿದ್ದೇನು ಅಂತ ಕೇಳಿದಳು. ಹೌದು ಅಂದೆ, ಸ್ವಲ್ಪ ಜಂಬದಿಂದಲೇ. ಅವಳು ಆ ಕಂಬದ ಕಥೆ ಹೇಳಿದಳು. ಹಿಟ್ಟು ತಟ್ಟುವ ಸದ್ದಿನ ನಡುವೆ, ತುಂಡು ತುಂಡಾಗಿ.

ಆ ತಿರುವಿನ ಮನೆ ಶಾಂತವ್ವನದು. ಅವಳ ಗಂಡ ರಾಚಪ್ಪ ತೀರಿಕೊಂಡು ಅಂದಿಗೆ ಒಂಬತ್ತನೆಯ ದಿನ. ತೀರಿಕೊಂಡದ್ದು ನನಗೂ ಗೊತ್ತಿತ್ತು. ಅಂದು ನಾನು ಧಾರವಾಡದಲ್ಲಿ ಯಾವುದೋ ಸ್ಪರ್ಧೆಯಲ್ಲಿದ್ದೆ. ಎರಡು ದಿನ ಬಿಟ್ಟು ಬಂದಾಗ ಸುದ್ದಿ ಕೇಳಿ ಅಯ್ಯೋ ಅಂದಿದ್ದೆ, ಹೇಗೆ ಅಂತ ಕೇಳಿದ್ದೆ, ಎದೆನೋವು ಅಂದಿದ್ದರು. ಎಲ್ಲಿ ಅಂತ ಮಾತ್ರ ಕೇಳಿರಲಿಲ್ಲ. ರಾಚಪ್ಪ ನೇಯ್ದ ಸೀರೆಗಳ ಗಂಟನ್ನು ಅಂಗಡಿಗೆ ಮುಟ್ಟಿಸಿ, ಇಳಿಹೊತ್ತಿಗೆ ಹಿಂತಿರುಗಿ ಬಂದು, ಮನೆ ಇಪ್ಪತ್ತು ಹೆಜ್ಜೆ ಇರುವಾಗ ಆ ಕಂಬಕ್ಕೆ ಬೆನ್ನು ಕೊಟ್ಟು ಕುಳಿತನಂತೆ. ಮತ್ತೆ ಏಳಲಿಲ್ಲ.

ಜೀವ ಹೋದ ಜಾಗದಲ್ಲಿ ಹನ್ನೊಂದನೆಯ ದಿನದವರೆಗೆ ದೀಪ ಆರಬಾರದು ಎಂಬುದು ಅವರ ಮನೆತನದ ಪದ್ಧತಿ. ಮನೆಯಲ್ಲಿ ಸತ್ತರೆ ಮೂಲೆಯಲ್ಲಿ ಪಣತಿ ಇಟ್ಟರಾಯಿತು. ರಾಚಪ್ಪ ಬೀದಿಯಲ್ಲಿ ಸತ್ತಿದ್ದ. ಶಾಂತವ್ವ ಕಂಬದ ಬುಡದಲ್ಲಿ ಪಣತಿ ಹಚ್ಚಿ, ಗಾಳಿಗೆ ಸೆರಗು ಅಡ್ಡ ಹಿಡಿದು ಕುಳಿತಳು. ಮೋಟಾರ್‌ಸೈಕಲ್ಲುಗಳು, ನಾಯಿಗಳು, ಮೇಲೆ ಬಿರುಗಾಳಿಯ ದಿನಗಳು. ಎರಡು ದಿನದಲ್ಲಿ ಮೂರು ಸಲ ಆರಿತು. ನಮ್ಮ ಭಾಗದ ಬೀದಿದೀಪ ನೋಡಿಕೊಳ್ಳುತ್ತಿದ್ದವನು ಈರಪ್ಪ, ಗುತ್ತಿಗೆದಾರನ ಕೈಕೆಳಗಿನ ಕೆಲಸಗಾರ. ಅವನ ಮಗಳ ಮದುವೆಯ ಸೀರೆ ರಾಚಪ್ಪನ ಮಗ್ಗದ್ದು. ಅವನು ಬಂದು ನೋಡಿದ, ಏಣಿ ಹಚ್ಚಿ ಕಂಬ ಹತ್ತಿದ, ತಂತಿ ನೇರ ಲೈನಿಗೆ ಸಿಕ್ಕಿಸಿದ. ಅಕ್ಕಾ, ಇದು ಗಾಳಿಗೆ ಆರುವುದಿಲ್ಲ, ನೀನು ಒಳಗೆ ಹೋಗಿ ಎರಡು ತುತ್ತು ಉಣ್ಣು ಅಂದನಂತೆ.

ಈ ಕಥೆ ಓಣಿಗೆಲ್ಲ ಗೊತ್ತಿತ್ತು. ನಾನು ತಲೆಯೆತ್ತಿಕೊಂಡು ನಡೆಯುತ್ತಿದ್ದವಳು, ನನಗೆ ಗೊತ್ತಿರಲಿಲ್ಲ.

ನಾನೇನು ಮಾಡಿದೆ ಗೊತ್ತೆ? ವಾದಿಸಿದೆ. ಒಂದು, ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದಕ್ಕೆ ತಪ್ಪು ಹೊರಿಸುವುದು ನ್ಯಾಯವಲ್ಲ. ಎರಡು, ಊರಿನ ಕರೆಂಟು ಒಬ್ಬರ ಮನೆಯ ಪದ್ಧತಿಗೆ ಇರುವುದಲ್ಲ. ಮೂರು, ಸತ್ತವರಿಗೆ ದೀಪ ಕಾಣುತ್ತದೆ ಎಂಬುದಕ್ಕೆ ಆಧಾರವೇನು? ಅವ್ವ ಮೂರನ್ನೂ ಕೇಳಿಸಿಕೊಂಡಳು. ರೊಟ್ಟಿ ಮಗುಚಿದಳು, ನೀರು ಸವರಿದಳು.

"ನೀ ಹೇಳೂದೆಲ್ಲಾ ಖರೆ ಐತಿ," ಅಂದಳು. "ಈಗ ಹೋಗಿ ಇದನ್ನ ಆಕಿ ಮುಂದ ಹೇಳು."

ಹೋದೆ. ಹೇಳುವುದಕ್ಕೆಂದೇ ಹೋದೆ. ಸಂಜೆಯಾಗುತ್ತಿತ್ತು, ಎಲ್ಲ ಕಂಬಗಳ ದೀಪವೂ ಇನ್ನೇನು ಹತ್ತಬೇಕು. ಶಾಂತವ್ವ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಪಣತಿಗೆ ಮತ್ತೆ ಎಣ್ಣೆ ಹಾಕಿ ಹಚ್ಚಿದ್ದಳು. ಒಂದು ಕೈಯಿಂದ ಸೆರಗು ಚಾಚಿ ಹಿಡಿದಿದ್ದಳು. ಎಷ್ಟೋ ಹೊತ್ತಿನಿಂದ ಹಾಗೇ ಹಿಡಿದಿದ್ದಳೋ, ಮೊಣಕೈಯನ್ನು ಮೊಣಕಾಲಿಗೆ ಊರಿಕೊಂಡಿದ್ದಳು. ನನ್ನನ್ನು ನೋಡಿ, ಬಾ ಕುಂಡ್ರು ಅಂದಳು. ನಾನು ಕೂಡಲಿಲ್ಲ. ಮನೆಗೆ ಓಡಿ ಎಣ್ಣೆಯ ಐದು ಲೀಟರಿನ ಖಾಲಿ ಡಬ್ಬ ತಂದೆ, ಹಿರೇಹಂದಿಗೋಳದಲ್ಲಿ ಕಂಡಿದ್ದ ರೀತಿಯಲ್ಲಿ ತಳ ಕತ್ತರಿಸಿ, ಪಣತಿಯ ಮೇಲೆ ಕವುಚಿದೆ. ಬುಡದಲ್ಲಿ ಗಾಳಿಯಾಡಲು ಎರಡು ತೂತು ಕೊರೆದೆ. ದೀಪ ನೆಟ್ಟಗೆ ನಿಂತಿತು. ಶಾಂತವ್ವ ಕೈ ಕೆಳಗಿಳಿಸಿದಳು.

"ಚಲೋ ಮಾಡಿದಿ ಬಿಡವ್ವಾ," ಅಂದಳು.

ಹೇಳುವುದಿದ್ದರೆ ಆಗ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆಯದೇ. ಅತ್ತಿ, ಈ ಊರಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದಲ್ಲ, ಹಾಗಾದರೆ ಈರಪ್ಪ ಹಚ್ಚಿದ ದೀಪವೂ ಎಷ್ಟೋ ಸಲ ಆರಿರಬೇಕಲ್ಲ ಅಂತ ಕೇಳಿದೆ. ಇದೊಂದು ಎಳೆ ಜಗ್ಗಿದರೆ ಇಡೀ ನಂಬಿಕೆ ಬಿಚ್ಚಿಕೊಳ್ಳುತ್ತದೆ, ಆಗ ನನ್ನ ಎದೆಯ ಭಾರವೂ ಇಳಿಯುತ್ತದೆ ಎಂಬ ಆಸೆ ನನ್ನದು. ನಾನು ಕುಚೋದ್ಯಕ್ಕೆ ಕೇಳುತ್ತಿದ್ದೇನೆ ಅಂತ ಅವಳಿಗೆ ಅನಿಸಿರಲಿಕ್ಕಿಲ್ಲ.

"ಊರಿಗೇ ಹೋದ್ರ ಅದು ಆರಿದಂಗಲ್ಲವ್ವಾ," ಅಂದಳು. "ಎಲ್ಲಾರೂ ಕತ್ಲಾಗ ಇರ್ತಾರ, ಅಂವನೂ ಇರ್ತಾನ. ಎಲ್ಲಾರ ಮನ್ಯಾಗೂ ಇದ್ದು ಅವನದೊಂದ ಆರಿದ್ರ, ಅದು ಆರಿದಂಗ."

ನಾನು ಕೇಳಿದ ಎಷ್ಟೋ ವಾದಗಳನ್ನು ಒಡೆದಿದ್ದೇನೆ. ಇದನ್ನು ಒಡೆಯಲು ಈವರೆಗೂ ಆಗಿಲ್ಲ. ಸತ್ತವರಿಗೆ ದೀಪ ಕಾಣುತ್ತದೆ ಅಂತ ನಾನು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ಈ ಬರಹದ ಕೊನೆಗೆ ನಾನು ನಂಬಿದವಳಾಗಿ ಬಿಡುತ್ತೇನೆ ಅಂತ ನೀವು ಕಾಯುತ್ತಿದ್ದರೆ ಕ್ಷಮಿಸಿ. ಆದರೆ ಅಂದು ಮಧ್ಯಾಹ್ನ ಊರಿಗೆಲ್ಲ ಕರೆಂಟಿತ್ತು. ಅವನದೊಂದು ಆರಿತ್ತು. ಆರಿಸಿದವಳು ಅಲ್ಲಿಯೇ ಕುಳಿತು ಡಬ್ಬದ ತೂತು ಸರಿಮಾಡುತ್ತಿದ್ದಳು.

ಯಾರು ಕಂಪ್ಲೇಂಟು ಕೊಟ್ಟರೋ ಅವರಿಗೇನು ಗೊತ್ತಿತ್ತು ಪಾಪ ಅಂತ ಶಾಂತವ್ವ ತಾನಾಗಿ ಅಂದಳು. ನಾನು ಹೂಂ ಅಂದೆ. ಅವಳ ಹತ್ತಿರ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು, ಗುಂಪಿನಲ್ಲಿ ಏನು ಬಂದಿದೆ ಅಂತ ಅವಳಿಗೆ ತಿಳಿಯುವಂತಿರಲಿಲ್ಲ. ಓಣಿಯವರು ಅವ್ವನ ಮುಖ ನೋಡಿ ಸುಮ್ಮನಿದ್ದರು. ನಾನು ಆ ಹೂಂ ಒಂದನ್ನೇ ಹಿಡಿದುಕೊಂಡು ಮನೆಗೆ ಬಂದೆ. ಅವ್ವ ಹೇಳಿದಿಯಾ ಅಂತ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮರುದಿನ, ಅಂದರೆ ಹತ್ತನೆಯ ದಿನ, ಸ್ಪರ್ಧೆ. ಆ ಚಿತ್ರ ತೋರಿಸುವುದಿಲ್ಲ ಅಂತ ಮನೆಯಲ್ಲಿ ನಿರ್ಧರಿಸಿ ಹೋಗಿದ್ದೆ. ಎದುರು ಪಕ್ಷದ ಹುಡುಗ ಬಲವಾಗಿ ಮಾತಾಡಿದ, ಸಭೆ ಅವನ ಕಡೆ ವಾಲಿತು, ನಾನು ತೋರಿಸಿದೆ. ಚಪ್ಪಾಳೆ ಬಿತ್ತು. ಮೊದಲ ಬಹುಮಾನ ಬಂತು. ಢಾಲನ್ನು ಚೀಲದಲ್ಲಿ ಮುಚ್ಚಿಕೊಂಡು ಆ ತಿರುವು ತಪ್ಪಿಸಿ, ಸುತ್ತುಬಳಸಿ ಮನೆ ಸೇರಿದೆ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಡಬ್ಬ, ಪಣತಿ, ಕಲ್ಲು ಎಲ್ಲ ಕಂಬದ ಬುಡದಿಂದ ಹೋದವು.

ಇನ್ನೂ ಒಂದಿದೆ. ಅದನ್ನು ಬಿಟ್ಟರೆ ಇದೂ ಕತ್ತರಿಸಿದ ಚಿತ್ರವೇ ಆಗುತ್ತದೆ. ಗುತ್ತಿಗೆದಾರ ಅಂದೇ ಈರಪ್ಪನನ್ನು ಕರೆಸಿ, ನೇರ ಲೈನಿಗೆ ಯಾಕೆ ಸಿಕ್ಕಿಸಿದೆ, ಯಾರಿಗೆ ಕರೆಂಟು ಮಾರಿಕೊಂಡೆ ಅಂತ ಕೇಳಿದ್ದ. ಈರಪ್ಪ ಬಾಯಿ ಬಿಡಲಿಲ್ಲವಂತೆ. ಗಂಡ ಸತ್ತು ಕುಳಿತವಳ ಬಾಗಿಲಿಗೆ ಗುತ್ತಿಗೆದಾರ ವಿಚಾರಣೆಗೆ ಹೋಗುವುದು ಅವನಿಗೆ ಬೇಡವಾಗಿತ್ತು. ಕೆಲಸ ಹೋಯಿತು. ಶಾಂತವ್ವನಿಗೆ ಇದು ತಿಳಿಯುವ ಹೊತ್ತಿಗೆ ಅವನು ಹೆಂಡತಿಯ ತವರು ಬೆಳ್ಳಟ್ಟಿಗೆ ಹೊರಟುಹೋಗಿದ್ದ. ಕರೆಂಟು ಮಾರಿದವನು ಎಂಬ ಮಾತು ಮಾತ್ರ ನಮ್ಮ ಓಣಿ ದಾಟಿ ಬೆಟಗೇರಿಯಲ್ಲೆಲ್ಲ ಉಳಿಯಿತು. ಅದು ಸುಳ್ಳು ಅಂತ ಖಾತ್ರಿಯಾಗಿ ಗೊತ್ತಿದ್ದವರಲ್ಲಿ ನಾನೊಬ್ಬಳು. ಎದ್ದು ನಿಂತು ಮಾತಾಡುವುದಕ್ಕೆ ಕಪ್ಪುಗಳನ್ನು ಗೆದ್ದವಳು.

ಇದಾಗಿ ಆರು ವರ್ಷ. ಈ ಆರು ವರ್ಷಗಳಲ್ಲಿ ನಾನು ಚರ್ಚೆ ಬಿಟ್ಟೆ, ಚಿತ್ರ ತೆಗೆಯುವುದನ್ನು ಬಿಡಲಿಲ್ಲ. ಎಲ್ಲೇ ಕಂಬ ಕಂಡರೂ ಮೊದಲು ಬುಡ ನೋಡಿ ಆಮೇಲೆ ಮೇಲೆ ನೋಡುವ ರೂಢಿ ಮಾಡಿಕೊಂಡೆ. ಇದನ್ನೊಂದು ಪ್ರಾಯಶ್ಚಿತ್ತ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಲಕ್ಷ್ಮೇಶ್ವರದ ಅಂಗಡಿಯವರು ಏನಾದರೂ ಬಿದ್ದಿದೆಯೇ ಅಂತ ಕೇಳಿದಾಗ ಮೊದಲ ಸಲ ಅನುಮಾನ ಬಂತು. ಯಾರಿಗೂ ತೊಂದರೆಯಿಲ್ಲದ, ಯಾರೂ ಬೈಯದ, ನೂರು ಕಂಬಗಳ ಬುಡದಲ್ಲಿ ಬಗ್ಗಿ ನೋಡುವ ಈ ಪ್ರಾಯಶ್ಚಿತ್ತ ಒಂದೇ ಒಂದು ಮನೆಯ ಬಾಗಿಲು ತಪ್ಪಿಸಿಕೊಳ್ಳುವ ಉಪಾಯವಲ್ಲವೆ?

ಗದಗಿನಲ್ಲಿ ಇಳಿದವಳು ಕೆಲಸಕ್ಕೆ ಹೋಗದೆ ಬೆಟಗೇರಿಯ ಆಟೋ ಹತ್ತಿದೆ.

ಶಾಂತವ್ವ ಈಗ ಬೇರೆಯವರ ಮಗ್ಗದ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತಿ ಕೊಡುತ್ತಾಳೆ. ಪಡಸಾಲೆಯಲ್ಲಿ ರಾಟಿ ತಿರುಗಿಸುತ್ತ ಕುಳಿತಿದ್ದಳು, ನೂಲು ಹಸಿರಿತ್ತು. ನಾನು ನಿಂತೇ ಹೇಳಿದೆ. ಫೋಟೋ ನನ್ನದು, ಗುಂಪಿಗೆ ಹಾಕಿದವಳು ನಾನು, ಅಂದು ನಿನ್ನ ಪಕ್ಕ ಕುಳಿತು ಹೂಂ ಅಂದವಳೂ ನಾನು. ರಾಟಿ ನಿಂತಿತು. ಅವಳು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಎಳೆಯನ್ನೇ ನೋಡುತ್ತಿದ್ದಳು.

"ಅವತ್ತ ಯಾಕ ಹೇಳ್ಲಿಲ್ಲ?"

ಹೆದರಿಕೆ ಆಯಿತು ಅಂದೆ.

"ಹೇಳಿದ್ರ ಬೈತಿದ್ದೆ," ಅಂದಳು. "ಬೈದು, ನಿನ್ನ ಕೈ ಹಿಡಕೊಂಡ ಆ ಗುತ್ತೇದಾರನ ಕಡೆ ಹೊಕ್ಕಿದ್ದೆ. ಈರಪ್ಪ ಕರೆಂಟ್ ಮಾರ್ಕೊಂಡಿಲ್ಲೋ, ನನ್ನ ಸಲುವಾಗಿ ಹಚ್ಚ್ಯಾನ ಅಂತ ಹೇಳ್ತಿದ್ದೆ. ಆಗ ಒಬ್ಬಾಕಿ ಹೋದ್ರ ಯಾರ್ ಕೇಳ್ತಿದ್ರು? ನೀ ಇದ್ರ ಕೇಳ್ತಿದ್ರು." ಎಳೆ ಹರಿದಿತ್ತು. ಅದರ ಎರಡು ತುದಿ ಹುಡುಕಿ ಹೊಸೆದು ಸೇರಿಸಿದಳು. "ನನಗ ಹೇಳಿ ನೀ ಹಗರಾದಿ. ಅಂವಗ ಯಾರ್ ಹೇಳವ್ರು?"

ರಾಟಿ ಮತ್ತೆ ತಿರುಗಿತು. ಚಹಾ ಕುಡೀತಿಯೇನು ಅಂತ ಅವಳು ಕೇಳಲಿಲ್ಲ. ಆ ಮನೆಯಲ್ಲಿ ಅದು ಮೊದಲ ಸಲ.

ಮರುದಿನ ಶಿರಹಟ್ಟಿಯ ಬಸ್ಸು ಹಿಡಿದು, ಅಲ್ಲಿಂದ ಬೆಳ್ಳಟ್ಟಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಲು ನೋಡಿದೆ. ಮೂರು ಅಂಶ ಬಿಡಿ, ಒಂದೂ ನಿಲ್ಲಲಿಲ್ಲ. ಬೆಳ್ಳಟ್ಟಿಯಲ್ಲಿ ಇಳಿದು ಕೇಳಿದರೆ, ಲೈಟಿನ ಈರಪ್ಪನೇನು, ಗಿರಣಿ ಹತ್ತಿರ ಕಂಬದ ಮೇಲೆ ಅದಾನ ನೋಡ್ರಿ ಅಂದರು. ಬಹಳ ದಿನ ಹೊಲದ ಕೂಲಿ ಮಾಡಿ, ಈಗ ವರ್ಷದಿಂದ ಪಂಚಾಯ್ತಿಯ ಬೀದಿದೀಪ ನೋಡಿಕೊಳ್ಳುತ್ತಾನಂತೆ.

ನಿಜವಾಗಿಯೂ ಕಂಬದ ಮೇಲಿದ್ದ. ಕೆಳಗಿನಿಂದ ಕಾಣುತ್ತಿದ್ದುದು ಎರಡು ಅಂಗಾಲು ಮತ್ತು ನರೆತ ತಲೆ. ಜನ ಕೆಳಗಿರುತ್ತಾರೆ, ನಾನು ವೇದಿಕೆಯ ಮೇಲಿಂದ ಮಾತಾಡುತ್ತೇನೆ, ಇದು ನನಗೆ ರೂಢಿ. ಇಲ್ಲಿ ಕುತ್ತಿಗೆ ಹಿಂದೆ ಬಾಗಿಸಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಬೆಟಗೇರಿಯಿಂದ ಬಂದೀನ್ರಿ ಅಂದೆ. ಯಾರ ಪೈಕಿ ಅಂತ ಅವನು ಮೇಲಿಂದಲೇ ಕೇಳಿದ. ಅಪ್ಪನ ಹೆಸರು ಹೇಳಿದೆ. ನಂತರ, ರಾಚಪ್ಪಣ್ಣನ ಕಂಬದ ಫೋಟೋ ತೆಗೆದು ಹಾಕಿದವಳು ನಾನು ಅಂದೆ. ಅಷ್ಟೇ ಹೇಳಲು ಆಯಿತು.

ಅವನು ಕೈಯಲ್ಲಿದ್ದ ತಂತಿಯನ್ನು ಬಿಗಿದು, ನಿಧಾನವಾಗಿ ಇಳಿದು ಬಂದ. ಏಣಿಯ ಕೊನೆಯ ಮೆಟ್ಟಿಲ ಮೇಲೆ ಕುಳಿತು ಬೆವರು ಒರೆಸಿಕೊಂಡ. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ.

"ಶಾಂತಕ್ಕ ಹೆಂಗ ಅದಾಳ?"

ಕಂಡಿಕೆ ಸುತ್ತುತ್ತಾಳೆ, ಆರಾಮ ಇದ್ದಾಳೆ ಅಂದೆ. ತಲೆಯಾಡಿಸಿದ. ಕೆಲಸ ಹೋದದ್ದಕ್ಕೆ ಅಷ್ಟು ಅನಿಸಲಿಲ್ಲ, ಮಾರಿಕೊಂಡ ಅಂದರಲ್ಲ, ಅದು ಮನಸ್ಸಿಗೆ ಹತ್ತಿತ್ತು ಅಂದ. ಆ ಮಾತಿನಿಂದಲೇ ನಾಲ್ಕೈದು ವರ್ಷ ಯಾವ ಊರಿನ ಕಂಬವನ್ನೂ ಮುಟ್ಟಲು ಮನಸ್ಸಾಗಲಿಲ್ಲವಂತೆ. ನಾನು ಎಲ್ಲವನ್ನೂ ಅದೇ ಗುಂಪಿನಲ್ಲಿ ಬರೆದು ಹಾಕುತ್ತೇನೆ, ಗುತ್ತಿಗೆದಾರನಿಗೂ ಹೇಳುತ್ತೇನೆ ಅಂದೆ. (ಹಾಕಿದ್ದೇನೆ. ಪಣತಿ, ಕಲ್ಲು, ಲೋಟ ಎಲ್ಲ ಇರುವ ಪೂರ್ತಿ ಚಿತ್ರ ಈಗ ಅಲ್ಲಿದೆ, ಕೆಳಗೆ ನನ್ನ ಹೆಸರಿದೆ. ಈ ಸಲ ಹೆಬ್ಬೆರಳು ಯಾರೂ ಎತ್ತಿಲ್ಲ.)

"ಬರಿ," ಅಂದ ಈರಪ್ಪ. "ಬರಿಬ್ಯಾಡ ಅನ್ನಾಂವಲ್ಲ ನಾ."

ಪರವಾಗಿಲ್ಲ ಬಿಡು ಅಂತ ಅವನು ಹೇಳಬಹುದೆಂದು ಕಾದೆ. ಹೇಳಲಿಲ್ಲ. ಎದ್ದು ನಿಂತು ಏಣಿಗೆ ಕೈ ಹಚ್ಚಿದ. ಮತ್ತೆ ಏನೋ ನೆನಪಾದವನಂತೆ, ಗಿರಣಿಯ ಗೋಡೆಯ ಪಕ್ಕದಲ್ಲಿದ್ದ ಟಿಸಿಯ ಕಡೆ, ಅಂದರೆ ಕರೆಂಟು ಬಂದ್ ಮಾಡಿದ್ದ ಟ್ರಾನ್ಸ್‌ಫಾರ್ಮರಿನ ಕಡೆ ಕೈ ತೋರಿಸಿದ. ದಿನಾ ಅಲ್ಲಿ ಕಾವಲು ನಿಲ್ಲುವ ಪಂಚಾಯ್ತಿಯ ಮನುಷ್ಯ ನೀರು ಬಿಡಲು ಹೋಗಿದ್ದ.

"ಅಲ್ಲೆ ಹೋಗಿ ನಿಂದ್ರು ತಂಗಿ. ನಾ ಇಳಿಯೂತನಕ ಯಾರಿಗೂ ಹಾಕಗೊಡಬ್ಯಾಡ."

ಇಷ್ಟು ಹೇಳಿ ಹತ್ತತೊಡಗಿದ. ಹಿಂತಿರುಗಿ ನೋಡಲಿಲ್ಲ.

ನಾನು ಟಿಸಿಯ ಸ್ವಿಚ್ಚಿನ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತೆ. ಬಿಸಿಲು ನೆತ್ತಿಯ ಮೇಲಿತ್ತು. ಮೇಲೆ ಅವನು ಬರಿಗೈಯಲ್ಲಿ ತಂತಿ ಹಿಡಿದು, ತುದಿ ಕೆರೆದು, ಹೊಸೆಯುತ್ತಿದ್ದ. ಫೋನು ಚೀಲದಲ್ಲಿತ್ತು, ತೆಗೆಯಬೇಕು ಅನಿಸಲಿಲ್ಲ. ಗಿರಣಿಯ ಮುಂದೆ ಜೋಳದ ಡಬ್ಬಿ ಇಟ್ಟುಕೊಂಡು ಆರೇಳು ಹೆಂಗಸರು ಕಾಯುತ್ತಿದ್ದರು. ಎಷ್ಟೊತ್ತು ಇದು ಅಂತ ಗೊಣಗಾಟ ಶುರುವಾಯಿತು. ಕೊನೆಗೆ ಗಿರಣಿಯವನೇ ಕೈಯ ಹಿಟ್ಟು ಝಾಡಿಸುತ್ತ ನನ್ನ ಹತ್ತಿರ ಬಂದು, ತಾಸಾತು, ಆಗಿರಬೇಕು, ಸರೀರಿ ಹಾಕ್ತೀನಿ ಅಂದ.

ನಾನು ಸರಿಯಲಿಲ್ಲ. ಅವನು ಕಾರಣ ಕೇಳಿದ.

"ಮ್ಯಾಲೆ ಮನಷ್ಯಾ ಅದಾನ್ರಿ," ಅಂದೆ.